ಬಂಪರಿಗೆ ಬಣ್ಣ: ಉಳಿತಾಯ ಯಾರಿಗೆ, ಋಣ ಯಾರ ಮೇಲೆ?

ನವರಾತ್ರಿ ಸಮೀಪಿಸಿತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮನೆಯಂಗಳಗಳಲ್ಲಿ ವಾಹನಗಳ ಮೈತೊಳೆಯುವ ಕೆಲಸ ಮೊದಲಾಗುತ್ತದೆ. ಆಯುಧಪೂಜೆಯ ಹೊತ್ತಿಗೆ ಟ್ರಾಕ್ಟರಿನಿಂದ ಹಿಡಿದು ಹಳೆಯ ಕಾರಿನವರೆಗೆ ಎಲ್ಲವೂ ಹೂವು, ಮಾವಿನೆಲೆ, ಬಾಳೆಕಂದುಗಳನ್ನು ಹೊತ್ತು ನಿಲ್ಲಬೇಕು. ಚಕ್ರದಡಿ ನಿಂಬೆಹಣ್ಣು ಒಡೆಯಬೇಕು, ಬೂದುಗುಂಬಳಕ್ಕೆ ಕುಂಕುಮ ಬೀಳಬೇಕು. ಈ ಸಿದ್ಧತೆಗಳ ನಡುವೆ ಈಚಿನ ವರ್ಷಗಳಲ್ಲಿ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಬಣ್ಣದ ಸ್ಪ್ರೇ ಡಬ್ಬಿ. ಬಿಳಿಚಿಕೊಂಡ, ಗೀರುಬಿದ್ದ, ಮೂಲೆ ಸವೆದ ಬಂಪರಿಗೆ ಅಂಗಳದಲ್ಲಿಯೇ ನಾಲ್ಕು ಸಲ ಸಿಂಪಡಿಸಿದರೆ ಹಬ್ಬದ ಹೊತ್ತಿಗೆ ಗಾಡಿ ಹೊಸದರಂತೆ ಕಾಣುತ್ತದೆ. ಹೊಸ ಬಂಪರಿಗೆ ಸಾವಿರಗಳ ಲೆಕ್ಕದಲ್ಲಿ ಹಣ ಬೇಕು. ಡಬ್ಬಿಗಾದರೋ ಕೆಲವು ನೂರು ರೂಪಾಯಿ ಸಾಕು.

ಮೇಲುನೋಟಕ್ಕೆ ಇದು ಮೆಚ್ಚತಕ್ಕ ಕೆಲಸವೇ ಸರಿ. ಹಳೆಯದನ್ನು ಎಸೆಯದೆ ಉಳಿಸಿಕೊಳ್ಳುವುದು ಪರಿಸರದ ಮಾತಾಡುವವರೆಲ್ಲರೂ ಹೇಳುತ್ತ ಬಂದಿರುವ ಪಾಠ. ಆದರೆ ಉಳಿತಾಯದ ಲೆಕ್ಕ ಬರೆಯುವಾಗ ಒಂದು ಕಲಮನ್ನು ಬಿಡುವ ರೂಢಿ ಬೆಳೆದಿದೆ. ಬಂಪರಿನ ಮೇಲೆ ನಿಂತ ಬಣ್ಣವನ್ನು ಮಾತ್ರ ಕಣ್ಣು ಕಾಣುತ್ತದೆ. ಗಾಳಿಗೆ ಹಾರಿದ್ದು, ಶ್ವಾಸಕೋಶಕ್ಕೆ ಇಳಿದದ್ದು, ಮಳೆನೀರಿನೊಡನೆ ಚರಂಡಿಗೆ ಹರಿದದ್ದು ಲೆಕ್ಕಕ್ಕೆ ಬರುವುದಿಲ್ಲ. ದುರಸ್ತಿ ಸರಿಯಾದ ದಾರಿ ಹೌದು. ಆದರೆ ಅಗ್ಗವೆಂಬ ಒಂದೇ ಕಾರಣಕ್ಕೆ ವರ್ಷವರ್ಷವೂ ಹೊಡೆಯುವ ಅವಸರದ ಬಣ್ಣ ದುರಸ್ತಿಯಲ್ಲ. ಈ ಎರಡರ ನಡುವಣ ವ್ಯತ್ಯಾಸವನ್ನು ವಿವೇಚಿಸಬೇಕಾದ ಕಾಲ ಬಂದಿದೆ.

ಬಿಸಿಲ ಸೀಮೆಯ ಬಂಪರು

ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಮಿಡಿಗೇಶಿ, ನಿಡಗಲ್ಲು, ಸಿದ್ಧರಬೆಟ್ಟ, ಪಾವಗಡದ ದುರ್ಗ ಎಲ್ಲವೂ ಬಂಡೆಯ ಸೀಮೆಗೆ ಸೇರಿದವು. ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ನೆರಳಿಗಿಂತ ಬಿಸಿಲು ಹೆಚ್ಚು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರ ಉದ್ಯಾನ ತಲೆಯೆತ್ತಿದ್ದು ಈ ಬಿಸಿಲನ್ನು ನಂಬಿಯೇ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ಉದ್ಯಾನ 2019ರ ಕೊನೆಯ ವೇಳೆಗೆ 2,050 ಮೆಗಾವಾಟ್ ಸಾಮರ್ಥ್ಯವನ್ನು ಮುಟ್ಟಿತು. ವಿದ್ಯುತ್ತು ಕೊಡುವ ಆ ಸೂರ್ಯನೇ ಬಯಲಲ್ಲಿ ನಿಂತ ಕಾರಿನ ಬಂಪರನ್ನು ದಿನದಿನವೂ ಸವೆಸುತ್ತಾನೆ.

ಹಿಂದಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಕ್ರೋಮಿಯಂ ಲೇಪದ ಉಕ್ಕಿನ ಬಂಪರುಗಳಿದ್ದವು. 1983ರಲ್ಲಿ ಮಾರುತಿ 800 ರಸ್ತೆಗಿಳಿದ ನಂತರದ ದಶಕಗಳಲ್ಲಿ ಪ್ಲಾಸ್ಟಿಕ್ ಬಂಪರುಗಳು ಸಾಮಾನ್ಯವಾದವು. ಇಂದಿನ ಬಹುಪಾಲು ಬಂಪರುಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ರಬ್ಬರಿನ ಗುಣದ ಇನ್ನೊಂದು ಪಾಲಿಮರನ್ನು ಬೆರೆಸಿ ಮಾಡಿದವು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಈ ಪಾಲಿಮರಿನ ಉದ್ದನೆಯ ಸರಪಳಿಗಳನ್ನು ಮೇಲ್ಮೈಯಲ್ಲಿ ತುಂಡರಿಸುತ್ತವೆ. ಆಗ ಒಳಗಿನ ಟಾಲ್ಕ್ ಮೊದಲಾದ ತುಂಬುವಸ್ತುಗಳು ಹೊರಗೆ ಕಾಣಿಸಿಕೊಂಡು ಕಪ್ಪು ಬಂಪರು ಸುಣ್ಣ ಬಳಿದಂತೆ ಬಿಳಿಚುತ್ತದೆ. ಕಪ್ಪು ಬಂಪರಿಗೆ ಬೆರೆಸುವ ಇಂಗಾಲದ ಮಸಿ ಈ ಕಿರಣಗಳನ್ನು ತಾನು ಹೀರಿಕೊಂಡು ಪ್ಲಾಸ್ಟಿಕ್ಕನ್ನು ಒಂದಷ್ಟು ಕಾಲ ಕಾಯುತ್ತದೆ, ಆದರೆ ಶಾಶ್ವತವಾಗಿ ಕಾಯಲಾರದು. ಇದರ ಮೇಲೆ ಹೆದ್ದಾರಿಯ ಧೂಳು, ಹಳ್ಳಿ ರಸ್ತೆಯ ಜಲ್ಲಿ, ಉಬ್ಬುಗಳ ಉಜ್ಜಾಟ ಬೇರೆ.

ಬಿಳಿಚಿದ ಬಂಪರು ಸತ್ತ ಬಂಪರಲ್ಲವೆಂಬುದು ಮೊದಲು ತಿಳಿಯಬೇಕಾದ ಸಂಗತಿ. ಕೆಟ್ಟಿರುವುದು ಕೂದಲೆಳೆಗಿಂತ ತೆಳುವಾದ ಮೇಲ್ಪದರ ಮಾತ್ರ. ಒಳಗಿನ ವಸ್ತು ಬಹುತೇಕ ಗಟ್ಟಿಯಾಗಿಯೇ ಇರುತ್ತದೆ, ಪೆಟ್ಟನ್ನು ತಾಳಿಕೊಳ್ಳುವ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ದುರಸ್ತಿಯ ಹಿರಿಮೆ

ಸವೆದ ಮೇಲ್ಪದರವನ್ನು ಮತ್ತೆ ಕಟ್ಟುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ಕೇರಿಕೇರಿಗೆ ತಿದಿ ಹೊತ್ತು ಬರುತ್ತಿದ್ದರು. ಯುಗಾದಿ ಬಂತೆಂದರೆ ಗೋಡೆಗೆ ಸುಣ್ಣ, ಕೆಮ್ಮಣ್ಣು, ನೆಲಕ್ಕೆ ಸಗಣಿಯ ಸಾರಣೆ ನಡೆಯುತ್ತಿತ್ತು. ಪ್ಲಾಸ್ಟಿಕ್ ಬಿಂದಿಗೆಗಳು ಬಂದ ಮೇಲೂ ಈ ವಿದ್ಯೆ ಸೋಲಲಿಲ್ಲ. ಒಡೆದ ಬಿಂದಿಗೆಗೆ ಕಾದ ಕಬ್ಬಿಣವಿಟ್ಟು ಬೆಸೆಯುವವರು ಹುಟ್ಟಿಕೊಂಡರು. ಸೀಳಿದ ಬಂಪರನ್ನು ಬೆಸುಗೆಯ ಕಬ್ಬಿಣದಿಂದ ಕರಗಿಸಿ, ಹಿಂಬದಿಗೆ ಸಣ್ಣ ಉಕ್ಕಿನ ಜಾಲರಿ ಕೂರಿಸಿ ಜೋಡಿಸುವ ಇಂದಿನ ಗ್ಯಾರೇಜಿನ ಹುಡುಗ ಅದೇ ಪರಂಪರೆಗೆ ಸೇರಿದವನು.

ಈ ದುರಸ್ತಿಯಿಂದ ಉಳಿಯುವುದು ಹಣವೊಂದೇ ಅಲ್ಲ. ಬಂಪರಿನ ಹೊದಿಕೆಯ ತೂಕ ಸಾಮಾನ್ಯವಾಗಿ ಮೂರರಿಂದ ಐದು ಕಿಲೋ. ಅದಷ್ಟೂ ಪೆಟ್ರೋಲಿಯಂ ಮೂಲದ ವಸ್ತು. ಒಂದು ಕಿಲೋ ಹೊಸ ಪಾಲಿಪ್ರೊಪಿಲೀನ್ ತಯಾರಿಸುವಾಗ ಒಂದೂವರೆಯಿಂದ ಎರಡು ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಚ್ಚು ಹಾಕುವುದು, ಬಣ್ಣದ ಕುಲುಮೆ, ಸಾಗಣೆ ಇವೆಲ್ಲ ಅದಕ್ಕೆ ಸೇರುತ್ತವೆ. ಕಿತ್ತುಹಾಕಿದ ಹಳೆಯ ಬಂಪರು ಗುಜರಿಯವನ ಹಿತ್ತಿಲಿಗೋ ಊರಾಚೆಯ ಕಸದ ಗುಡ್ಡೆಗೋ ಹೋಗುತ್ತದೆ. ಬೆಂಕಿಗೆ ಬಿದ್ದರಂತೂ ಕರಿಹೊಗೆ ಊರಿಗೆಲ್ಲ ಹಂಚಿಕೆಯಾಗುತ್ತದೆ. 2025ರ ಏಪ್ರಿಲ್ 1ರಿಂದ ದೇಶದಲ್ಲಿ ಜಾರಿಗೆ ಬಂದ ಆಯುಷ್ಯ ಮುಗಿದ ವಾಹನಗಳ ನಿಯಮಗಳು ವಾಹನ ತಯಾರಕರ ಮೇಲೆ ಹೊಣೆ ಹೊರಿಸಿವೆಯಾದರೂ, ಆ ಹೊಣೆಯ ಗುರಿಗಳನ್ನು ಅಳೆದಿರುವುದು ಉಕ್ಕಿನ ತೂಕದಲ್ಲಿ. ಪ್ಲಾಸ್ಟಿಕ್ ಬಂಪರು ಈ ತಕ್ಕಡಿಗೆ ಏರಿಲ್ಲ. ಹೀಗಿರುವಾಗ ಬಂಪರನ್ನು ಕಾರಿನ ಮೇಲೆಯೇ ಆದಷ್ಟು ವರ್ಷ ಉಳಿಸುವುದಕ್ಕಿಂತ ಒಳ್ಳೆಯ ವಿಲೇವಾರಿ ಇನ್ನೊಂದಿಲ್ಲ.

ಡಬ್ಬಿಯೊಳಗೆ ಇರುವುದೇನು?

ಹಾಗಾದರೆ ಸ್ಪ್ರೇ ಡಬ್ಬಿಯ ಮೇಲೆ ಆಕ್ಷೇಪವೇಕೆ? ಡಬ್ಬಿಯೊಳಗಿನ ವಸ್ತುವಿನಲ್ಲಿ ಬಂಪರಿನ ಮೇಲೆ ಉಳಿಯುವ ಬಣ್ಣ ಮತ್ತು ರಾಳದ ಪಾಲು ಕಡಿಮೆ. ಅರ್ಧಕ್ಕಿಂತ ಬಹಳ ಹೆಚ್ಚಿನ ಭಾಗ ಗಾಳಿಗೆ ಹೋಗಲೆಂದೇ ತುಂಬಿದ್ದು. ಬಣ್ಣವನ್ನು ತೆಳುವಾಗಿಸುವ ಅಸಿಟೋನ್, ಟಾಲೀನ್, ಜೈಲೀನ್‌ನಂತಹ ದ್ರಾವಕಗಳು, ಬಣ್ಣವನ್ನು ಹೊರಗೆ ತಳ್ಳುವ ಪ್ರೊಪೇನ್, ಬ್ಯುಟೇನ್ ಅಥವಾ ಡೈಮೀಥೈಲ್ ಈಥರ್ ಅನಿಲಗಳು ಈ ಭಾಗಕ್ಕೆ ಸೇರಿವೆ. ಹಿಂದೆ ಈ ತಳ್ಳುವ ಕೆಲಸವನ್ನು ಓಜೋನ್ ಪದರವನ್ನು ತಿನ್ನುವ ಸಿಎಫ್‌ಸಿ ಅನಿಲಗಳು ಮಾಡುತ್ತಿದ್ದವು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅವು ಡಬ್ಬಿಗಳಿಂದ ಮರೆಯಾದವು. ಜಗತ್ತು ಒಟ್ಟಾಗಿ ತೀರ್ಮಾನಿಸಿದರೆ ಡಬ್ಬಿಯೊಳಗಿನ ವಿಷವನ್ನೂ ಬದಲಿಸಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ ಬದಲಿಗೆ ಬಂದದ್ದು ಅಡುಗೆ ಅನಿಲದ ಜಾತಿಯದೇ. ಓಜೋನ್ ಪದರಕ್ಕೆ ಅದು ಕೇಡಲ್ಲ, ಬೆಂಕಿಗೆ ಮಾತ್ರ ಬಲು ಹತ್ತಿರ.

ಈ ದ್ರಾವಕಗಳ ಆವಿ ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ಕೂಡಿ ನೆಲಮಟ್ಟದ ಓಜೋನನ್ನು ಹುಟ್ಟಿಸುತ್ತದೆ. ಮೇಲಿನ ಓಜೋನ್ ರಕ್ಷಕ, ಕೆಳಗಿನದು ಉಸಿರಿಗೂ ಬೆಳೆಗೂ ಶತ್ರು. ಸಿಂಪಡಿಸುವವನ ಮೇಲಿನ ಪರಿಣಾಮ ಇನ್ನೂ ನೇರ: ತಲೆಸುತ್ತು, ವಾಕರಿಕೆ, ಕಣ್ಣುರಿ. ವರ್ಷಗಟ್ಟಲೆ ಈ ಕೆಲಸದಲ್ಲಿಯೇ ಇರುವವರ ಮಾತು ಬೇರೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಣ್ಣ ಬಳಿಯುವ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿ ದಶಕಗಳೇ ಕಳೆದಿವೆ. ಬಂಪರಿನ ಮಾಲೀಕ ವರ್ಷಕ್ಕೊಮ್ಮೆ ಹತ್ತು ನಿಮಿಷ ಉಸಿರಾಡುವ ಗಾಳಿಯನ್ನು ಬಸ್‌ನಿಲ್ದಾಣದ ಹಿಂಬದಿಯ ಶೆಡ್ಡಿನ ಹುಡುಗ ವರ್ಷವಿಡೀ ಉಸಿರಾಡುತ್ತಾನೆ.

ಸೀಸದ ಪ್ರಶ್ನೆಯನ್ನೂ ಇಲ್ಲಿ ಎತ್ತಲೇಬೇಕು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಸೀಸದ ಕ್ರೋಮೇಟ್ ಬಹುಕಾಲದಿಂದ ಬಳಕೆಯಲ್ಲಿದ್ದ ವರ್ಣದ್ರವ್ಯ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರಂತಹವರು ಸೀಸದ ವಿಷದ ವಿರುದ್ಧ ದಶಕಗಳ ಕಾಲ ದುಡಿದರು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಹೊರಡಿಸಿ, 2017ರ ನವೆಂಬರ್‌ನಿಂದ ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂದು ಕಟ್ಟುಮಾಡಿತು. ಅದು ದೊಡ್ಡ ಗೆಲುವು. ಆದರೆ ಆ ನಿಯಮದ ಹೆಸರಿನಲ್ಲಿಯೇ ಅದರ ಮಿತಿಯೂ ಇದೆ. ಗೋಡೆಯ ಬಣ್ಣಕ್ಕೆ ಬೇಲಿ ಬಿತ್ತು, ವಾಹನದ ಬಣ್ಣ ಬೇಲಿಯಾಚೆ ಉಳಿಯಿತು. ಗೋಡೆಯ ಬಣ್ಣವಾಗಲಿ ಬಂಪರಿನ ಬಣ್ಣವಾಗಲಿ, ಕೆರೆದು ತೆಗೆದಾಗ ಧೂಳು ಬೀಳುವುದು ಅದೇ ಅಂಗಳದಲ್ಲಿ, ಅಂಬೆಗಾಲಿಡುವ ಅದೇ ಮಗುವಿನ ಕೈಗೆ.

ಹಾರಿದ ಬಣ್ಣ ಸೇರುವ ಜಾಗ

ಈ ಸೀಮೆಯಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆಯುಧಪೂಜೆ ಬರುವುದೂ ಆಗಲೇ. ಅಂಗಳದಲ್ಲಿ ಉಜ್ಜಿದ ಪ್ಲಾಸ್ಟಿಕ್ ಪುಡಿ, ನೆಲಕ್ಕೆ ಬಿದ್ದ ಬಣ್ಣದ ಹನಿ, ಕೈ ಮತ್ತು ಕುಂಚ ತೊಳೆದ ತಿನ್ನರು ಮುಂದಿನ ಮಳೆಗೆ ಚರಂಡಿ ಸೇರುತ್ತವೆ. ಚರಂಡಿ ಹಳ್ಳಕ್ಕೆ, ಹಳ್ಳ ಕೆರೆಗೆ, ಕೆರೆಯ ಕೋಡಿ ಹೊಳೆಗೆ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿಯುವ ಜಯಮಂಗಲಿ ಕೊನೆಗೆ ಸೇರುವುದು ಉತ್ತರ ಪಿನಾಕಿನಿಯನ್ನು.

ಕಾರಿನ ಬಂಪರಿನ ಬಣ್ಣದಿಂದಲೇ ಕೆರೆ ಕೆಟ್ಟಿತೆಂದು ಯಾರೂ ಹೇಳಲಾರರು. ಒಂದು ಡಬ್ಬಿ ಸಣ್ಣದು ನಿಜ. ಆದರೆ ಪಾವಗಡ, ಶಿರಾ, ಮಧುಗಿರಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಸೇರಿರುವ ಕಥೆ ಇಲ್ಲಿಯ ಜನರ ಹಲ್ಲು, ಮೂಳೆಗಳ ಮೇಲೆಯೇ ಬರೆದಿದೆ. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರನ್ನು ನಂಬಲಾಗದಿರುವ ಸೀಮೆಯಲ್ಲಿ ಮೇಲೆ ನಿಲ್ಲುವ ಕೆರೆಯ ನೀರೇ ಆಸರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆಮರಗಳ ಮೇಲೆ ಗೂಡು ಕಟ್ಟಿ, ಸುತ್ತಲ ಕೆರೆಗಳಲ್ಲಿ ಮೀನು ಹಿಡಿದು ಮರಿಗಳನ್ನು ಸಾಕುತ್ತವೆ. ಹಕ್ಕಿಗಳನ್ನು ಓಡಿಸದೆ ಕಾಯ್ದುಕೊಂಡ ಆ ಊರಿನ ಜನ ನಾಡಿಗೆ ಒಂದು ಪಾಠ ಹೇಳಿದ್ದಾರೆ. ಬಣ್ಣ ಹನಿಹನಿಯಾಗಿಯೇ ಕೆರೆ ಸೇರುವುದು, ಹನಿ ಬೀಳುವ ಜಾಗದಲ್ಲಿಯೇ ಅದನ್ನು ತಡೆಯಬೇಕು.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸಿಲ್ಲ. ಪಾಲಿಪ್ರೊಪಿಲೀನ್ ಮೇಲೆ ಬಣ್ಣ ಸುಲಭವಾಗಿ ಕೂರುವುದಿಲ್ಲ. ಎಣ್ಣೆ ಸವರಿದ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರುತ್ತದೆ. ಕಾರ್ಖಾನೆಯಲ್ಲಿ ಬಣ್ಣಕ್ಕೆ ಮುನ್ನ ಬಂಪರಿನ ಮೈಯನ್ನು ಜ್ವಾಲೆಯಿಂದ ಸವರುವ, ಇಲ್ಲವೇ ಹಿಡಿತ ಕೊಡುವ ವಿಶೇಷ ಪ್ರೈಮರ್ ಬಳಿಯುವ ಪದ್ಧತಿ ಇರುವುದು ಈ ಕಾರಣಕ್ಕೆ. ಮನೆಯಲ್ಲಿ ಅವಸರದಿಂದ ನೇರವಾಗಿ ಹೊಡೆದ ಬಣ್ಣ ಮುಂದಿನ ಬೇಸಗೆಗೆ ಹಪ್ಪಳದಂತೆ ಏಳುತ್ತದೆ. ಎದ್ದ ಚಕ್ಕೆಗಳು ರಸ್ತೆಗೆ, ಹೊಲಕ್ಕೆ ಉದುರುತ್ತವೆ. ಮತ್ತೆ ಹಬ್ಬ, ಮತ್ತೆ ಡಬ್ಬಿ. ಅಗ್ಗವೆಂದು ಆರಂಭವಾದದ್ದು ವರ್ಷವರ್ಷದ ಕಂದಾಯವಾಗುತ್ತದೆ. ಅದರ ಮೇಲೆ, ಬಣ್ಣ ಮೆತ್ತಿದ ಪ್ಲಾಸ್ಟಿಕ್ಕನ್ನು ಕರಗಿಸಿ ಮರುಬಳಕೆ ಮಾಡುವುದು ಬಣ್ಣವಿಲ್ಲದ್ದನ್ನು ಮಾಡುವುದಕ್ಕಿಂತ ಕಷ್ಟ. ಕಪ್ಪಾಗಿಯೇ ಹುಟ್ಟಿದ ಬಂಪರಿಗೆ ಬಣ್ಣ ಹೊಡೆಯುವವನು ಅದರ ಮುಂದಿನ ಜನ್ಮಕ್ಕೂ ಅಡ್ಡಿ ತರುತ್ತಾನೆ.

ಮಾಡುವುದೇ ಆದರೆ ಮಾಡುವ ಬಗೆ

ಮೊದಲ ಮದ್ದು ನೆರಳು. ಹೊಂಗೆ, ಬೇವಿನ ಮರದಡಿ ಅಥವಾ ಸೋಗೆಯ ಚಪ್ಪರದಡಿ ನಿಂತ ಕಾರಿನ ಬಂಪರು ಬಯಲಲ್ಲಿ ನಿಂತದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಎರಡನೆಯದು ಸೋಪಿನ ನೀರು. ಬಿಳಿಚಿದೆಯೆಂದು ತೋರುವುದರಲ್ಲಿ ಧೂಳಿನ ಪಾಲೂ ಇರುತ್ತದೆ. ಬಣ್ಣವಿಲ್ಲದ ಕಪ್ಪು ಬಂಪರಿಗೆ ಸ್ಪ್ರೇ ಬೇಡವೇ ಬೇಡ. ಕೆಲವರು ಕಡಲೆಕಾಯಿ ಎಣ್ಣೆ ಸವರುವುದುಂಟು, ಈ ಸೀಮೆಯಲ್ಲಿ ಕಡಲೆಕಾಯಿಗೆ ಬರವಿಲ್ಲ. ಆದರೆ ಆ ಎಣ್ಣೆ ಒಣಗುವುದಿಲ್ಲ. ಎರಡು ದಿನ ಮಿಂಚಿ ಮೂರನೆಯ ದಿನ ಹೆದ್ದಾರಿಯ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಅಗಸೆ ಎಣ್ಣೆ ಒಣಗುವ ಜಾತಿಯದು. ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆದರೆ ಕೆಲವು ತಿಂಗಳ ಮಟ್ಟಿಗೆ ಕಪ್ಪು ನಿಲ್ಲುತ್ತದೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬಾರದು. ಆ ಎಣ್ಣೆ ಒಣಗುವಾಗ ಹುಟ್ಟುವ ಕಾವಿಗೆ ಬಟ್ಟೆಯ ಮುದ್ದೆ ತಾನೇ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ನೆನೆಸಬೇಕು.

ಬಣ್ಣವಿದ್ದ ಬಂಪರು ಗೀರುಬಿದ್ದು ಸಿಂಪಡಿಸಲೇಬೇಕಾದರೆ ಒಮ್ಮೆ ಸರಿಯಾಗಿ ಮಾಡಿ ಹಲವು ವರ್ಷ ಮರೆಯಬೇಕು. ಬಂಪರಿನ ಒಳಬದಿಯಲ್ಲಿ ಯಾವ ಪ್ಲಾಸ್ಟಿಕ್ ಎಂಬುದನ್ನು ಅಚ್ಚೊತ್ತಿರುತ್ತಾರೆ. ಅಲ್ಲಿ ‘ಪಿಪಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಪ್ಲಾಸ್ಟಿಕ್ಕಿಗೆಂದೇ ಮಾಡಿದ ಪ್ರೈಮರ್ ಇಲ್ಲದೆ ಮುಂದುವರಿಯಬಾರದು. 320ರ, ಆಮೇಲೆ 600ರ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿದರೆ ಪುಡಿ ಗಾಳಿಗೆ ಏಳುವುದಿಲ್ಲ. ಆ ಕೆಸರನ್ನು ಹಳೆಯ ತಟ್ಟೆಯಲ್ಲಿ ಹಿಡಿದು ಒಣಗಿಸಬೇಕೇ ವಿನಾ ಚರಂಡಿಗೆ ಚೆಲ್ಲಬಾರದು. ನೆಲಕ್ಕೆ ಹಳೆಯ ಪತ್ರಿಕೆ ಹಾಸಬೇಕು. ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರ್ ದೂರದಿಂದ, ಹತ್ತು ಹದಿನೈದು ನಿಮಿಷಗಳ ಅಂತರ ಕೊಟ್ಟು ಮೂರು ನಾಲ್ಕು ತೆಳುಪದರ ಹೊಡೆಯಬೇಕು. ದಪ್ಪಗೆ ಒಮ್ಮೆಲೇ ಹೊಡೆದರೆ ಬಣ್ಣ ಇಳಿಯುತ್ತದೆ, ಅರ್ಧ ಡಬ್ಬಿ ವ್ಯರ್ಥವಾಗುತ್ತದೆ. ಸುಡುಬಿಸಿಲಿನಲ್ಲಿಯೂ ಮಳೆಮೋಡದಡಿಯೂ ಈ ಕೆಲಸ ಕೂಡದು. ಹಬ್ಬದ ಮುನ್ನಾದಿನವೇ ಇದಕ್ಕೆ ಅತ್ಯಂತ ಕೆಟ್ಟ ದಿನ. ಮಳೆ ಹಿಂದೆಗೆದ ಡಿಸೆಂಬರ್, ಜನವರಿಯ ಹೊತ್ತೇರಿದ ಬೆಳಗು ಲೇಸು.

ಮುಖಕ್ಕೆ ಕಟ್ಟಿದ ಬಟ್ಟೆ ಬಣ್ಣದ ಆವಿಯನ್ನು ತಡೆಯುವುದಿಲ್ಲ. ಕೊರೋನಾ ಕಾಲದಲ್ಲಿ ಪರಿಚಿತವಾದ ಎನ್-95 ಕವಚ ಹನಿಗಳನ್ನು ತಡೆದೀತು, ಆವಿಯನ್ನಲ್ಲ. ಅದಕ್ಕೆ ಇದ್ದಿಲಿನ ಸೋಸುಗವಿರುವ ಕವಚವೇ ಬೇಕು. ಬೀಡಿ, ಊದುಬತ್ತಿ, ಒಲೆ ಹತ್ತಿರ ಇರಬಾರದು. ಗಟ್ಟಿಕಾರಕವನ್ನು ಬೆರೆಸುವ ಎರಡು ಭಾಗಗಳ ಮೇಲ್ಲೇಪಗಳಲ್ಲಿ ಐಸೊಸಯನೇಟ್ ಎಂಬ ವಸ್ತು ಇರುತ್ತದೆ. ಅದು ಆಸ್ತಮಾ ತರಬಲ್ಲದು, ಮನೆಯಂಗಳದಲ್ಲಿ ಅದಕ್ಕೆ ಎಡೆಯಿಲ್ಲ. 50 ಡಿಗ್ರಿ ಮೀರಿದ ತಾಪದಲ್ಲಿ ಡಬ್ಬಿ ಇಡಬಾರದೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಆ ಮಿತಿ ಸುಲಭವಾಗಿ ದಾಟುತ್ತದೆ.

ಹೊಣೆ ಮನೆಯವರದು ಮಾತ್ರವಲ್ಲ

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಖಾಲಿ ಡಬ್ಬಿಯನ್ನು ಎಲ್ಲಿಗೆ ಕೊಡಬೇಕು? 2016ರ ಘನತ್ಯಾಜ್ಯ ನಿಯಮಗಳು ಬಣ್ಣದ ಡಬ್ಬಗಳನ್ನು ಕೀಟನಾಶಕದ ಡಬ್ಬ, ಟ್ಯೂಬ್‌ಲೈಟ್, ಬ್ಯಾಟರಿಗಳೊಂದಿಗೆ ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿ, ಪ್ರತಿ ಇಪ್ಪತ್ತು ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ತೆರೆಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದ್ದವು. ಆ ಮಾತು ಕಾಗದ ಬಿಟ್ಟು ಬೀದಿಗೆ ಇಳಿಯಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಪಟ್ಟಣಗಳ ಪ್ರತಿಯೊಂದರಲ್ಲಿಯೂ ಜನರಿಗೆ ಗೊತ್ತಿರುವ ಒಂದು ಜಾಗ, ಒಂದು ಬೀಗದ ಪೆಟ್ಟಿಗೆ, ವಾರಕ್ಕೊಂದು ದಿನ ಸಾಕು. ಅಲ್ಲಿಯವರೆಗೆ ಮನೆಯವರು ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ ಬೇರೆಯಾಗಿ ಇಡಬೇಕು. ತೂತು ಮಾಡಬಾರದು, ಕಸದೊಡನೆ ಸುಡಬಾರದು. ಬೆಂಕಿಗೆ ಬಿದ್ದ ಡಬ್ಬಿ ಸಿಡಿಯುತ್ತದೆ. ಸಿಡಿದಾಗ ಎದುರಿಗಿರುವವರು ಡಬ್ಬಿ ಕೊಂಡವರಲ್ಲ, ಕಸ ಆರಿಸುವವರು ಮತ್ತು ಪೌರಕಾರ್ಮಿಕರು.

ಕೇಳಬೇಕಾದದ್ದು ಇನ್ನೂ ಮೂರಿವೆ. ಮನೆಯ ಬಣ್ಣಕ್ಕಿರುವ ಸೀಸದ ಮಿತಿ ವಾಹನದ ಬಣ್ಣಕ್ಕೂ, ಅಂಗಡಿಯ ಸ್ಪ್ರೇ ಡಬ್ಬಿಗೂ ಅನ್ವಯಿಸಬೇಕು. ಕರ್ನಾಟಕದಲ್ಲಿ ಮಾರುವ ಡಬ್ಬಿಯ ಮೇಲಿನ ಎಚ್ಚರಿಕೆಯ ಮಾತು ಕನ್ನಡದಲ್ಲಿ, ಓದಬಲ್ಲ ಗಾತ್ರದ ಅಕ್ಷರಗಳಲ್ಲಿ ಇರಬೇಕು. ಎಚ್ಚರಿಕೆ ಓದಬೇಕಾದವನು ಅಂಗಳದಲ್ಲಿ ನಿಂತಿರುವ ರೈತ, ಶೆಡ್ಡಿನಲ್ಲಿರುವ ಹುಡುಗ. ಗ್ಯಾರೇಜುಗಳಲ್ಲಿ ಬಣ್ಣ ಹೊಡೆಯುವವರಿಗೆ ಗಾಳಿಯಾಡುವ ಜಾಗವೂ ಸರಿಯಾದ ಮುಖಕವಚವೂ ದೊರೆಯುವಂತೆ ಕಾರ್ಮಿಕ ಇಲಾಖೆ ನೋಡಿಕೊಳ್ಳಬೇಕು. ಇವು ಯಾವುವೂ ಅಸಾಧ್ಯದ ಬೇಡಿಕೆಗಳಲ್ಲ.

ಕೊನೆಯದಾಗಿ ಒಂದು ಮಾತು. ಸುಣ್ಣ, ಕೆಮ್ಮಣ್ಣು, ಸಗಣಿಗಳನ್ನು ಬಳಿದ ತಲೆಮಾರು ವರ್ಷವರ್ಷವೂ ಬಳಿಯಿತು. ಆದರೆ ಅದು ಬಳಿದದ್ದೆಲ್ಲ ಮಳೆಗೆ ತೊಳೆದು ಮಣ್ಣಿಗೇ ಮರಳಿತು. ಇಂದಿನ ಬಣ್ಣ ಮಣ್ಣಿಗೆ ಮರಳುವ ಜಾತಿಯದಲ್ಲ, ಆದುದರಿಂದ ಆ ಹಳೆಯ ಧಾರಾಳವನ್ನು ಅದಕ್ಕೆ ತೋರಿಸಲಾಗದು. ಬಂಪರು ಇರುವುದೇ ಪೆಟ್ಟು ತಿನ್ನಲಿಕ್ಕೆ. ಅದರ ಮೇಲಿನ ಒಂದೆರಡು ಗೀರು ಅವಮಾನವಲ್ಲ, ಅದು ತನ್ನ ಕೆಲಸ ಮಾಡಿದ್ದಕ್ಕೆ ಗುರುತು. ಒಡೆದದ್ದನ್ನು ಬೆಸೆಯೋಣವಾಗಲಿ, ಸವೆದದ್ದನ್ನು ಒಮ್ಮೆ ನೆಟ್ಟಗೆ ಸರಿಪಡಿಸೋಣವಾಗಲಿ. ಬರಿದೇ ಮಾಸಿದ್ದನ್ನು ತೊಳೆದು, ಒರೆಸಿ, ನೆರಳಿಗೆ ನಿಲ್ಲಿಸಿದರೆ ಸಾಕು. ಬರುವ ಆಯುಧಪೂಜೆಗೆ ಈ ನಾಲ್ಕು ತಾಲ್ಲೂಕುಗಳ ಅಂಗಳಗಳಲ್ಲಿ ಡಬ್ಬಿಯ ಸದ್ದು ಕಡಿಮೆಯಾಗಲಿ. ಗಾಡಿಯ ಮೇಲೆ ಒಂದು ಮೊಳ ಹೂವು ಹೆಚ್ಚಿದ್ದರೆ ಹಬ್ಬಕ್ಕೆ ಏನೂ ಕೊರತೆಯಾಗದು.